ನೆಂಟರ ಮನೆ ಇದ್ದೂ ಬಾಡಿಗೆ ಮನೆ ಯಾಕೆ?

ನೆಂಟರ ಮನೆ ಇರುವ ಊರಿಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ಬೇರೆ ಕಡೆ ಇಳಿದುಕೊಳ್ಳುವುದು ತಪ್ಪೇ? ನಮ್ಮ ಮುಂಬೈ ಕನ್ನಡಿಗರ ಮನೆಗಳಲ್ಲಿ ಈ ಪ್ರಶ್ನೆ ಕೇಳಿ ನೋಡಿ. ಹಿರಿಯರು ಯೋಚನೆ ಮಾಡುವ ಗೋಜಿಗೇ ಹೋಗದೆ ‘ತಪ್ಪು’ ಎನ್ನುತ್ತಾರೆ. ‘ದುಡ್ಡಿನ ಸೊಕ್ಕು’ ಎಂದು ಸೇರಿಸುವವರೂ ಇದ್ದಾರೆ. ನಮ್ಮ ವಯಸ್ಸಿನವರು ಹಿರಿಯರೆದುರು ಸುಮ್ಮನಿದ್ದು, ಹೊರಗೆ ಬಂದು ‘ಅದರಲ್ಲೇನಿದೆ, ಪ್ರೈವಸಿ ಬೇಕಲ್ಲ’ ಅನ್ನುತ್ತೇವೆ. ಈ ಎರಡು ಉತ್ತರಗಳೂ ನನಗೆ ಒಪ್ಪಿಗೆಯಾಗುವುದಿಲ್ಲ. ತಪ್ಪಲ್ಲ ಎಂಬುದೇ ನನ್ನ ಅಭಿಪ್ರಾಯ. ಆದರೆ ಅದಕ್ಕೆ ಕಾರಣ ಪ್ರೈವಸಿ ಅಲ್ಲ. ಕಾರಣ ಇರುವುದು ನೆಂಟರ ಮನೆಯ ಅಡಿಗೆಮನೆಯಲ್ಲಿ. ಅದನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳಲು ಪ್ರಯತ್ನಿಸುತ್ತೇನೆ.

ಈ ವಿಚಾರ ನನ್ನ ತಲೆಗೆ ಹತ್ತಿದ್ದು 2025ರ ದೀಪಾವಳಿ ರಜೆಯಲ್ಲಿ. ಅಪ್ಪ, ಅವ್ವ, ಅಜ್ಜಿ, ಮಾಮಾ, ತಂಗಿ ಮತ್ತು ನಾನು, ಹೀಗೆ ಆರು ಮಂದಿ ಮೂರು ರಾತ್ರಿಗೆಂದು ಬೆಂಗಳೂರಿಗೆ ಹೋದೆವು. ಮದುವೆ, ಮುಂಜಿವೆ, ಸಾವು, ಕೋರ್ಟು ಯಾವುದೂ ಇರಲಿಲ್ಲ. ಬರೀ ಊರು ನೋಡೋದು. ಬೆಂಗಳೂರಿನಲ್ಲಿ ನಮ್ಮ ದೊಡ್ಡಪ್ಪನ ಮಗ ಅಣ್ಣ ಇದ್ದಾನೆ, ವೈನಿ ಇದ್ದಾರೆ, ಎರಡು ಮಕ್ಕಳಿದ್ದಾರೆ. ಮನೆ ಯಲಹಂಕದ ಆಚೆ. ಮಾಮಾ ಮಾತ್ರ ಈ ಸಲ ಹಟ ಹಿಡಿದು, ರೆಸಿಡೆನ್ಸಿ ರೋಡಿನ ಹತ್ತಿರ ಒಂದು ಒಳರಸ್ತೆಯಲ್ಲಿ ಎರಡು ಬೆಡ್‌ರೂಮಿನ ಸರ್ವಿಸ್ ಅಪಾರ್ಟ್‌ಮೆಂಟ್ ಗೊತ್ತುಮಾಡಿದರು. ಅರ್ಧ ದುಡ್ಡು ಅವರದು, ಅರ್ಧ ಅಪ್ಪನದು. ವಿಷಯ ತಿಳಿದ ಕೂಡಲೆ ಅಣ್ಣನ ಫೋನು ಬಂತು. ‘ಯಾಕ ಕಾಕಾ, ನಮ್ಮ ಮನೀ ಇರಲಿಲ್ಲೇನು? ನಾವೇನ್ ಸತ್ತೀವೇನು?’ ಅಂದ. ಅಪ್ಪನಿಗೆ ಉತ್ತರ ಹೊಳೆಯಲಿಲ್ಲ. ಅವ್ವ ಎರಡು ದಿನ ಮುಖ ಸಣ್ಣದು ಮಾಡಿಕೊಂಡು ಓಡಾಡಿದಳು. ಜನ ಏನಂತಾರೋ ಎಂಬುದೇ ಆಕೆಗೆ ದೊಡ್ಡ ಚಿಂತೆ.

ಸರ್ವಿಸ್ ಅಪಾರ್ಟ್‌ಮೆಂಟ್ ಅಂದರೆ ಏನೆಂದು ತಿಳಿಯದವರಿಗೆ ಎರಡು ಮಾತು. ಇದು ಹೋಟೆಲಿಗೂ ಬಾಡಿಗೆ ಮನೆಗೂ ಹುಟ್ಟಿದ ಕೂಸು. ಹೋಟೆಲಿನಂತೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ, ಹಾಸಿಗೆ ಹೊದಿಕೆ ಬದಲಿಸುತ್ತಾರೆ, ಕಸ ಗುಡಿಸುತ್ತಾರೆ. ಮನೆಯಂತೆ ಒಂದು ಹಾಲು, ಮಲಗುವ ಕೋಣೆ, ಅಡಿಗೆಮನೆ ಇರುತ್ತದೆ. ಅಡಿಗೆಮನೆಯಲ್ಲಿ ಇಂಡಕ್ಷನ್ ಒಲೆ, ಫ್ರಿಜ್ಜು, ನಾಲ್ಕು ಪಾತ್ರೆ, ಆರು ತಟ್ಟೆ. ಕೆಲವು ಕಡೆ ಬಟ್ಟೆ ಒಗೆಯುವ ಮಷೀನೂ ಉಂಟು. ಮುಖ್ಯವಾಗಿ ಇದು ಕಂಪನಿ ಕೆಲಸದ ಮೇಲೆ ತಿಂಗಳು, ಎರಡು ತಿಂಗಳು ಬರುವವರಿಗೆಂದು ಬೆಳೆದ ವ್ಯವಸ್ಥೆ. ದಿನ ಹೆಚ್ಚಾದಷ್ಟೂ ದಿನದ ಬಾಡಿಗೆ ಇಳಿಯುತ್ತದೆ. ಹಬ್ಬದ ರಜೆ ಬಂತೆಂದರೆ ಕಂಪನಿ ಜನ ತಮ್ಮ ತಮ್ಮ ಊರಿಗೆ ಹೋಗಿಬಿಡುತ್ತಾರೆ, ಮನೆಗಳು ಖಾಲಿ ಬೀಳುತ್ತವೆ. ಖಾಲಿ ಮನೆ ಒಂದು ಪೈಸೆ ದುಡಿಯುವುದಿಲ್ಲ. ಆದ್ದರಿಂದ ನಮ್ಮಂಥ ಮೂರು ದಿನದ ಗಿರಾಕಿಗಳಿಗೂ ಬಾಗಿಲು ತೆರೆಯುತ್ತದೆ.

ನಾನು ಕಾಮರ್ಸ್ ವಿದ್ಯಾರ್ಥಿ. ಆದ್ದರಿಂದ ಮೊದಲು ಲೆಕ್ಕ ಹೇಳುತ್ತೇನೆ, ಭಾವನೆ ಆಮೇಲೆ. ನಮ್ಮ ಅಪಾರ್ಟ್‌ಮೆಂಟಿನ ಬಾಡಿಗೆ ದಿನಕ್ಕೆ 6,000 ರೂಪಾಯಿ. ಅದರ ಮೇಲೆ ನೂರಕ್ಕೆ 5ರಂತೆ ಜಿ.ಎಸ್.ಟಿ. 300. ಒಟ್ಟು 6,300. ಮೂರು ರಾತ್ರಿಗೆ 18,900. ಆರು ಮಂದಿಗೆ ಹಂಚಿದರೆ ತಲೆಗೆ ರಾತ್ರಿಯೊಂದಕ್ಕೆ 1,050 ರೂಪಾಯಿ. ಅದೇ ಭಾಗದಲ್ಲಿ ಮಾಮಾ ವಿಚಾರಿಸಿದ ಹೋಟೆಲಿನಲ್ಲಿ ರೂಮಿಗೆ 3,500. ಒಂದು ರೂಮಿನಲ್ಲಿ ಇಬ್ಬರೇ. ಮೂರು ರೂಮಿಗೆ ತೆರಿಗೆ ಸೇರಿ ದಿನಕ್ಕೆ 11,025. ಮೇಲೆ ಚಹಾ, ತಿಂಡಿ, ಊಟ ಎಲ್ಲಾ ಹೊರಗೇ. ತೆರಿಗೆಯ ಮಾತು ಬಂದದ್ದಕ್ಕೆ ಒಂದು ವಿವರ: ದಿನಕ್ಕೆ 7,500 ರೂಪಾಯಿವರೆಗಿನ ಇಂಥ ವಸತಿಗೆ 2025ರ ಸೆಪ್ಟೆಂಬರ್ 22ರವರೆಗೆ ನೂರಕ್ಕೆ 12 ತೆರಿಗೆ ಇತ್ತು, ಅಂದಿನಿಂದ 5 ಆಯಿತು. ಅದಕ್ಕೂ ಮೇಲಿನ ಬಾಡಿಗೆಗೆ 18. ಹಾಗಾಗಿ 7,400ರ ಮನೆಗೂ 7,600ರ ಮನೆಗೂ ನಡುವಿನ ಅಂತರ ಇನ್ನೂರು ರೂಪಾಯಿ ಅಂತ ತಿಳಿದವನು ಬಿಲ್ಲು ಬಂದಾಗ ಗಾಬರಿಯಾಗುತ್ತಾನೆ. ಮೊದಲನೆಯದಕ್ಕೆ 7,770 ಆದರೆ ಎರಡನೆಯದಕ್ಕೆ 8,968!

ಇಷ್ಟು ಹೇಳಿದ ಕೂಡಲೆ ಯಾರಾದರೂ ಕೇಳುತ್ತಾರೆ: ‘ಸರಿಯಪ್ಪಾ, ಹೋಟೆಲಿಗಿಂತ ಅಗ್ಗ. ಆದರೆ ಅಣ್ಣನ ಮನೆಯಲ್ಲಿ ಇಳಿದಿದ್ದರೆ ಪುಕ್ಕಟೆ ಅಲ್ಲವೇ? 18,900 ರೂಪಾಯಿ ನೀರಿಗೆ ಹಾಕಿದಿರಲ್ಲ!’ ಈ ‘ಪುಕ್ಕಟೆ’ ಎಂಬ ಶಬ್ದದ ಬಗ್ಗೆಯೇ ನನ್ನ ತಕರಾರು.

ಹತ್ತನೆಯ ಇಯತ್ತೆವರೆಗೆ ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ಕಾಲೇಜಿಗೆ ಬಂದ ಮೇಲೆ ಅರ್ಥಶಾಸ್ತ್ರದ ಕ್ಲಾಸಿನಲ್ಲಿ ಪ್ರತಿ ಶಬ್ದವನ್ನೂ ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡು ಕೂಡುವುದು ನನ್ನ ಅಭ್ಯಾಸ. ಹಾಗೆ ತಿರುಗಿಸಿಕೊಂಡ ಶಬ್ದಗಳಲ್ಲಿ ‘ಇಂಪ್ಲಿಸಿಟ್ ಕಾಸ್ಟ್’ ಒಂದು. ಅಂಗಡಿಯವನು ತನ್ನ ಸ್ವಂತ ಮಳಿಗೆಯಲ್ಲಿ ತಾನೇ ಕೂತು ವ್ಯಾಪಾರ ಮಾಡಿದರೆ ಬಾಡಿಗೆ ಕೊಡಬೇಕಾಗಿಲ್ಲ, ಗುಮಾಸ್ತನಿಗೆ ಸಂಬಳ ಕೊಡಬೇಕಾಗಿಲ್ಲ. ಕೈಯಿಂದ ದುಡ್ಡು ಹೋಗಲಿಲ್ಲ ಎಂದು ಅವನು ಅದನ್ನು ಖರ್ಚೆಂದು ಬರೆಯುವುದಿಲ್ಲ. ಆದರೆ ಅದು ಖರ್ಚೇ. ಅದೇ ಮಳಿಗೆಯನ್ನು ಬೇರೆಯವರಿಗೆ ಕೊಟ್ಟಿದ್ದರೆ, ಅದೇ ದುಡಿಮೆಯನ್ನು ಬೇರೆ ಕಡೆ ಮಾಡಿದ್ದರೆ ಬರುತ್ತಿದ್ದ ಹಣ ಕೈ ತಪ್ಪಿತಲ್ಲ! ಇದಕ್ಕೆ ನಾನು ‘ಒಳಗೆ ಅಡಗಿದ ಖರ್ಚು’ ಎಂದು ಹೆಸರಿಟ್ಟುಕೊಂಡೆ. ಪರೀಕ್ಷೆಯಲ್ಲಿ ಅಂಗಡಿಯವನ ಉದಾಹರಣೆಯನ್ನೇ ಬರೆದೆ. ಆದರೆ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವಳು ನಮ್ಮ ಅವ್ವ.

ಡೊಂಬಿವಲಿಯ ನಮ್ಮ ಮನೆ ಒಂದು ರೂಮು, ಒಂದು ಕಿಚನ್. ಬಾಗಲಕೋಟೆ ಕಡೆಯಿಂದ ಇಂಟರ್‌ವ್ಯೂಗೆ ಬರುವವರು, ದವಾಖಾನೆಗೆ ಬರುವವರು, ಸುಮ್ಮನೆ ಸಮುದ್ರ ನೋಡಲು ಬರುವವರು ಎಲ್ಲರಿಗೂ ಅದೇ ವಿಳಾಸ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಇದೆ. ನೆಂಟರು ಬಂದಾಗ ಹಾಸಿಗೆಯೇ ನೆಂಟರದು, ಕಾಲು ಚಾಚುವ ಪ್ರಶ್ನೆ ನಮಗೆ ಬರುವುದಿಲ್ಲ. ಅಪ್ಪ ನೆಂಟರ ಜತೆ ಕೂತು ಊರಿನ ಸುದ್ದಿ ಕೇಳುತ್ತಾನೆ, ನಾನು ಅವರನ್ನು ಗೇಟ್‌ವೇಗೆ ಕರೆದುಕೊಂಡು ಹೋಗುತ್ತೇನೆ, ಮನೆಯಲ್ಲಿ ಹಬ್ಬದಂಥ ಗದ್ದಲ. ಅವ್ವ ಮಾತ್ರ ಒಲೆಯ ಮುಂದೆ. ನೆಂಟರು ಹೊರಡುವಾಗ ‘ಏನೂ ತ್ರಾಸ ಆಗಲಿಲ್ಲ’ ಅಂತಾರೆ. ನಿಜವೇ, ಅವರಿಗೆ ಆಗಲಿಲ್ಲ.

ಈಗ ಬೆಂಗಳೂರಿನ ಲೆಕ್ಕಕ್ಕೆ ಬರೋಣ. ಆರು ಮಂದಿ ಮೂರು ದಿನ ಅಣ್ಣನ ಮನೆಯಲ್ಲಿ ಇಳಿದಿದ್ದರೆ ಏನಾಗುತ್ತಿತ್ತು? ಒಬ್ಬರಿಗೆ ಹೊತ್ತಿಗೆ ಎರಡು ಜೋಳದ ರೊಟ್ಟಿ ಹಿಡಿದರೂ ದಿನಕ್ಕೆ ಇಪ್ಪತ್ತನಾಲ್ಕು, ಮೂರು ದಿನಕ್ಕೆ ಎಪ್ಪತ್ತೆರಡು ರೊಟ್ಟಿ. ಅದೂ ಮನೆಯವರದ್ದನ್ನು ಬಿಟ್ಟು. ಈ ಎಪ್ಪತ್ತೆರಡನ್ನೂ ಬಡಿಯುವ ಕೈ ಒಂದೇ. ಪಲ್ಯ, ಸಾರು, ತಿಂಡಿ, ಎರಡೆರಡು ಹೊತ್ತಿನ ಚಹಾ, ಪಾತ್ರೆ, ಹಾಸಿಗೆ ಇವೆಲ್ಲ ಬೇರೆ. ನಮ್ಮ ವೈನಿ ಮನೆಯಲ್ಲೇ ಬ್ಲೌಸು ಹೊಲಿದು ನಾಲ್ಕು ಕಾಸು ಸಂಪಾದಿಸುತ್ತಾರೆ. ದೀಪಾವಳಿಯೆಂದರೆ ಅವರಿಗೆ ಸುಗ್ಗಿ. ನಾವು ಹೋಗಿ ಕೂತಿದ್ದರೆ ಮೂರು ದಿನ ಮಷೀನಿನ ಮೇಲೆ ನಮ್ಮ ಬ್ಯಾಗುಗಳು ಇರುತ್ತಿದ್ದವು. ಆ ಮೂರು ದಿನದ ದುಡಿಮೆ ಯಾವ ಖಾತೆಗೆ? ನಮ್ಮ ಖಾತೆಗೆ ಅಲ್ಲ, ಅಣ್ಣನ ಖಾತೆಗೂ ಅಲ್ಲ. ಅದನ್ನು ಬರೆಯುವ ವಹಿಯೇ ಇಲ್ಲ. ಆದ್ದರಿಂದ ಅದಕ್ಕೆ ನಾವೆಲ್ಲ ಸೇರಿ ‘ಪುಕ್ಕಟೆ’ ಎಂದು ಹೆಸರಿಟ್ಟಿದ್ದೇವೆ.

ಎರಡನೆಯ ದಿನ ಅಣ್ಣ, ವೈನಿ, ಮಕ್ಕಳನ್ನು ನಮ್ಮ ಅಪಾರ್ಟ್‌ಮೆಂಟಿಗೆ ಊಟಕ್ಕೆ ಕರೆದೆವು. ಅಣ್ಣ ಮುಖ ಗಂಟಿಕ್ಕಿಕೊಂಡೇ ಬಂದ. ಅವ್ವ ಮತ್ತು ಮಾಮಾ ಅಡಿಗೆ ಮಾಡಿದರು. ನಾನು ಮತ್ತು ತಂಗಿ ಬಡಿಸಿದೆವು. ವೈನಿ ಎರಡು ಸಲ ಅಭ್ಯಾಸಬಲದಿಂದ ಎದ್ದು ಅಡಿಗೆಮನೆ ಕಡೆ ಬಂದರು, ಎರಡು ಸಲವೂ ಅಜ್ಜಿ ಕೈ ಹಿಡಿದು ಕೂಡ್ರಿಸಿದಳು. ಊಟದ ನಡುವೆ ವೈನಿ ಅವ್ವನಿಗೆ ಅಂದ ಮಾತು ಇದು: ‘ಅತ್ತಿ, ನನ್ನ ಲಗ್ನ ಆಗಿ ಹನ್ನೊಂದು ವರ್ಷ ಆತು. ನಿಮ್ಮೆಲ್ಲಾರ ಜೋಡಿ ಕೂತು ಬಿಸಿ ಬಿಸಿ ಉಂಡಿದ್ದು ಇದೇ ಮೊದಲ್ನೇ ಸಲ.’ ಅಣ್ಣ ತಟ್ಟೆ ನೋಡುತ್ತಾ ಕೂತ. ಸಂಬಂಧ ಕೆಟ್ಟಿತೇ? ನನ್ನ ಮಟ್ಟಿಗೆ ಹೇಳುವುದಾದರೆ, ವೈನಿಯ ಜತೆ ನಾನು ಒಂದು ಗಂಟೆ ಮಾತಾಡಿದ್ದು ಅಂದೇ ಮೊದಲು. ಹಿಂದಿನ ಸಲಗಳಲ್ಲಿ ಅವರು ನನಗೆ ಬಡಿಸುವ ಕೈಯಾಗಿ ಕಂಡಿದ್ದರು, ಅಷ್ಟೆ.

ಇನ್ನು ‘ಇದು ನಮ್ಮ ಸಂಸ್ಕೃತಿ ಅಲ್ಲ, ಪರದೇಶದ ಚಟ’ ಎನ್ನುವವರ ಮಾತು. ಅತಿಥಿ ದೇವರೆಂದು ತಿಳಿದ ನಾಡಿನಲ್ಲಿ ಹೀಗೆ ದುಡ್ಡು ಕೊಟ್ಟು ಇಳಿಯುವುದೇ ಅಂತ ಕೇಳುತ್ತಾರೆ. ಮಿತ್ರರೇ, ನಮ್ಮ ನಾಡಿನಲ್ಲಿ ಪ್ರವಾಸಿಗೆ ನೆಂಟರ ಮನೆಯೊಂದೇ ಆಸರೆಯಾಗಿತ್ತೆಂದು ಹೇಳಿದವರು ಯಾರು? ಛತ್ರಗಳು ಯಾತಕ್ಕಿದ್ದವು? ಬೆಂಗಳೂರಿನ ರೈಲ್ವೆ ಸ್ಟೇಶನ್ ಸಮೀಪ ಗುಬ್ಬಿ ತೋಟದಪ್ಪನವರು ಕಟ್ಟಿಸಿದ ಧರ್ಮಛತ್ರ 1903ರಲ್ಲಿ ಆರಂಭವಾಯಿತು. ರೈಲಿನಿಂದ ಇಳಿದ ಪರಊರಿನವನಿಗೆ ತಲೆಯ ಮೇಲೊಂದು ಸೂರು ಸಿಗಲಿ ಎಂಬುದು ಅದರ ಉದ್ದೇಶ. ಅಕ್ಕಿ, ಬೇಳೆ ಗಂಟು ಕಟ್ಟಿಕೊಂಡು ಬಂದು ಛತ್ರದಲ್ಲಿ ತಾವೇ ಬೇಯಿಸಿಕೊಂಡು ಉಣ್ಣುವುದು ಹಿಂದಿನವರಿಗೆ ಗೊತ್ತಿದ್ದ ರೂಢಿ. ಪೇಟೆಯ ನಡುವೆ ಒಂದು ಕೋಣೆ, ಒಂದು ಒಲೆ, ಕೆಲವು ದಿನದ ವಾಸ: ಲಕ್ಷಣ ಒಂದೇ. ಛತ್ರ ಧರ್ಮದ್ದು, ಅಪಾರ್ಟ್‌ಮೆಂಟು ವ್ಯಾಪಾರದ್ದು. ಈ ವ್ಯತ್ಯಾಸ ಸಣ್ಣದೆಂದು ನಾನು ಹೇಳುವುದಿಲ್ಲ. ಆದರೆ ಬೇರೆ ಇಳಿದುಕೊಂಡು ನೆಂಟರನ್ನು ಕಂಡು ಬರುವುದು ಹೊಸ ಚಾಳಿ ಅಂತ ಮಾತ್ರ ಹೇಳಬೇಡಿ.

ಅದರಲ್ಲೂ ಮುಂಬೈಯ ಕನ್ನಡಿಗರಾದ ನಾವು ಈ ಮಾತು ಆಡಲೇಬಾರದು. ಮನೆ ಬಿಟ್ಟು ಬಂದವರಿಗೆ ದುಡ್ಡಿಗೆ ಮನೆಯ ಊಟ ಹಾಕಿ ಹೆಸರು ಮಾಡಿದವರು ನಮ್ಮವರೇ. ಮಾಟುಂಗದಲ್ಲಿ ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅಲ್ಲಿ ಎಲೆಯ ಮುಂದೆ ಕೂತ ಗುಮಾಸ್ತನನ್ನು ಯಾರೂ ‘ನಿನಗೆ ನೆಂಟರಿಲ್ಲವೇ’ ಎಂದು ಹೀಯಾಳಿಸಲಿಲ್ಲ. ದುಡ್ಡು ಕೊಟ್ಟು ಉಂಡರೆ ಮಾನ ಹೋಗದಿದ್ದ ಮೇಲೆ, ದುಡ್ಡು ಕೊಟ್ಟು ಮಲಗಿದರೆ ಹೇಗೆ ಹೋದೀತು?

ಇನ್ನೊಂದು ಮಾತು ನಮ್ಮಂಥ ವಿದ್ಯಾರ್ಥಿಗಳಿಗೆ ಸಂಬಂಧಪಟ್ಟದ್ದು. ಹೊರನಾಡಿನ ನಮಗೆ ಬೆಂಗಳೂರು ಎಂದರೆ ಏನು? ಹಿಂದೆ ಮೂರು ಸಲ ಹೋದಾಗಲೂ ನಾನು ಕಂಡದ್ದು ಅಣ್ಣನ ಮನೆ, ಅಣ್ಣನ ಓಣಿ, ಒಂದು ಮಾಲು, ಲಾಲ್‌ಬಾಗಿನ ಗೇಟು. ಯಲಹಂಕದ ಆಚೆಯಿಂದ ಪೇಟೆಗೆ ಬಂದು ಹೋಗುವುದರಲ್ಲೇ ದಿನ ಮುಗಿಯುತ್ತಿತ್ತು. ಜತೆಗೆ ಅಣ್ಣ ರಜೆ ಹಾಕಬೇಕು, ವೈನಿ ಊಟಕ್ಕೆ ಕಾಯಬೇಕು. ‘ಏಳು ಗಂಟೆಗೆ ಮನೆಗೆ ಬರ್ರಿ’ ಎಂಬ ಮಾತು ಪ್ರೀತಿಯದೇ. ಆದರೆ ಏಳು ಗಂಟೆಗೆ ತಾನೇ ನಾಟಕ ಶುರುವಾಗುವುದು!

ಈ ಸಲ ಪೇಟೆಯ ನಡುವೆ ಇದ್ದುದರಿಂದ ಬೆಳಿಗ್ಗೆ ಅಜ್ಜಿಯನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ, ಅಲ್ಲೇ ಇರುವ ಕೆಂಪು ಕಟ್ಟಡದ ರಾಜ್ಯ ಕೇಂದ್ರ ಗ್ರಂಥಾಲಯವನ್ನು ಹೊರಗಿನಿಂದ ತೋರಿಸಿ, ಆಕೆ ದಣಿದ ಕೂಡಲೆ ವಾಪಸು ತಂದು ಮಲಗಿಸಿದೆವು. ತಂಗಿ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಗಳಲ್ಲಿ ಒಂದು ಇಡೀ ಮಧ್ಯಾಹ್ನ ಕಳೆದಳು. ಎಂ.ಜಿ. ರೋಡಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಹಸಿರು ದಾರಿಗೆ ಬದಲಿಸಿ, ನ್ಯಾಷನಲ್ ಕಾಲೇಜ್ ಸ್ಟೇಶನ್ನಿನಲ್ಲಿ ಇಳಿದು ಗಾಂಧಿ ಬಜಾರಿಗೆ ನಡೆದೆವು. 1943ರಲ್ಲಿ ಶುರುವಾದ ವಿದ್ಯಾರ್ಥಿ ಭವನದ ಮುಂದೆ ಸರತಿಯಲ್ಲಿ ನಿಂತು ದೋಸೆ ತಿಂದೆವು. ಮಾಮಾನ ಬಹುದಿನದ ಆಸೆಯಂತೆ ಒಂದು ಸಂಜೆ ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರದಲ್ಲಿ ನಾಟಕ ನೋಡಿ, ರಾತ್ರಿ ಯಾರನ್ನೂ ನಿದ್ದೆಗೆಡಿಸದೆ ಬಂದು ಮಲಗಿದೆವು. ಕನ್ನಡದ ಪುಸ್ತಕಗಳಲ್ಲಿ ಓದಿದ ರಸ್ತೆಗಳ ಮೇಲೆ ಸ್ವಂತ ಕಾಲಿನಿಂದ ನಡೆದಾಗಲೇ ಆ ಊರು ನಮ್ಮದಾಗುವುದು. ಬೇರೆಯವರ ಬೈಕಿನ ಹಿಂದೆ ಕೂತು ನೋಡಿದ ಊರು ಅವರದೇ ಆಗಿ ಉಳಿಯುತ್ತದೆ.

ಹಾಗೆಂದು ಅಲ್ಲಿ ನಾವು ಪೂರಾ ಮನೆಯವರೂ ಅಲ್ಲ. ಕರ್ನಾಟಕದಲ್ಲಿ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ. ಅವ್ವ ಸಂಭ್ರಮದಿಂದ ಆಧಾರ್ ತೆಗೆದು ಕಂಡಕ್ಟರಿಗೆ ತೋರಿಸಿದಳು. ಅವನು ವಿಳಾಸ ನೋಡಿ ‘ಇದು ಮಹಾರಾಷ್ಟ್ರದ್ದಮ್ಮ’ ಅಂದು ಟಿಕೆಟು ಹರಿದ. ಅವನದೇನೂ ತಪ್ಪಿಲ್ಲ, ಯೋಜನೆ ಇರುವುದು ಕರ್ನಾಟಕದ ನಿವಾಸಿಗಳಿಗೆ. ಮಾತು ಕನ್ನಡ, ವಿಳಾಸ ಡೊಂಬಿವಲಿ. ನಮ್ಮ ಸ್ಥಿತಿಯೇ ಅದು. ಹೀಗಿರುವಾಗ ಆ ಊರಿನಲ್ಲಿ ನೆಂಟರ ಕೈ ಹಿಡಿಯದೆ ಮೂರು ದಿನ ಇದ್ದು ಬರುವ ಧೈರ್ಯವನ್ನಾದರೂ ನಾವು ಕಲಿಯಬೇಡವೇ?

ಇಷ್ಟು ಹೊಗಳಿದ ಮೇಲೆ ಕೆಡುಕನ್ನೂ ಹೇಳದಿದ್ದರೆ ಇದು ಜಾಹೀರಾತು ಆದೀತು.

ಮೊದಲನೆಯದಾಗಿ, ಎಲ್ಲ ಸರ್ವಿಸ್ ಅಪಾರ್ಟ್‌ಮೆಂಟೂ ಒಂದೇ ಜಾತಿಯವಲ್ಲ. ಇಡೀ ಕಟ್ಟಡವೇ ಈ ವ್ಯಾಪಾರಕ್ಕೆಂದು ಇರುವುದು ಒಂದು ಬಗೆ. ಸಂಸಾರಸ್ಥರು ವಾಸವಾಗಿರುವ ಸೊಸೈಟಿಯಲ್ಲಿ ಎರಡು ಮೂರು ಫ್ಲ್ಯಾಟು ಹಿಡಿದು ದಿನಬಾಡಿಗೆಗೆ ಬಿಡುವುದು ಇನ್ನೊಂದು ಬಗೆ. ಎರಡನೆಯದರಲ್ಲಿ ನೆರೆಯವರಿಗೆ ನಿತ್ಯ ಹೊಸ ಮುಖ, ನಡುರಾತ್ರಿ ಲಿಫ್ಟಿನ ಸದ್ದು. ಡೊಂಬಿವಲಿಯ ನಮ್ಮ ಮಜಲೆಯಲ್ಲಿ ವಾರಕ್ಕೊಂದು ತಂಡ ಬಂದು ಹೋಗಿದ್ದರೆ ನಾವೇ ಜಗಳಕ್ಕೆ ನಿಲ್ಲುತ್ತಿದ್ದೆವು. ಇದಕ್ಕಿಂತ ದೊಡ್ಡ ಕೆಡುಕೂ ಉಂಟು. ಪ್ರವಾಸಿಗರಿಂದ ಬರುವ ಬಾಡಿಗೆ ಹೆಚ್ಚೆಂದು ಪೇಟೆಯ ಮನೆಗಳೆಲ್ಲ ಹೀಗೆ ತಿರುಗಿದರೆ, ಆ ಊರಿನಲ್ಲೇ ದುಡಿಯುವವರು ಊರ ಹೊರಗೆ ಹೋಗಿ ಬೀಳುತ್ತಾರೆ. ಬೇರೆ ದೇಶಗಳಲ್ಲಿ ಇದು ಗಲಾಟೆಯವರೆಗೂ ಹೋಗಿದೆ. ನ್ಯೂಯಾರ್ಕ್ ನಗರ 2023ರ ಸೆಪ್ಟೆಂಬರಿನಿಂದ ಮೂವತ್ತು ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಬಿಡುವವರ ಮೇಲೆ ನೋಂದಣಿಯ ಕಟ್ಟು ಬಿಗಿ ಮಾಡಿತು. ಬಾರ್ಸಿಲೋನಾ ನಗರವಂತೂ ಪ್ರವಾಸಿ ಫ್ಲ್ಯಾಟುಗಳ ಪರವಾನಗಿಯನ್ನು 2028ರ ಹೊತ್ತಿಗೆ ಮುಗಿಸಿಬಿಡುತ್ತೇವೆಂದು 2024ರಲ್ಲಿ ಸಾರಿತು. ಅಲ್ಲಿ ಅಂಥವು ಹತ್ತು ಸಾವಿರದ ಮೇಲೆ ಇವೆ. ಆದ್ದರಿಂದ ಇಳಿಯುವವರು ಮೊದಲ ಬಗೆಯ ಮನೆಯನ್ನೇ ಹುಡುಕಬೇಕು, ಜಿ.ಎಸ್.ಟಿ. ನಂಬರ್ ಇರುವ ಬಿಲ್ಲು ಕೇಳಬೇಕು ಎಂಬುದು ನನ್ನ ಮಾತು. ಬಿಲ್ಲು ಕೊಡಲು ಮುಖ ಮುಖ ನೋಡುವ ಕಡೆ ಬ್ಯಾಗು ಇಡಬೇಡಿ.

ಎರಡನೆಯದಾಗಿ, ಸಣ್ಣ ಪುಟ್ಟ ಮೋಸಗಳು. ನಾವು ಇಳಿದ ಕಡೆ ಫೋಟೋದಲ್ಲಿದ್ದ ಮಿಕ್ಸರು ಅಡಿಗೆಮನೆಯಲ್ಲಿ ಇರಲಿಲ್ಲ. ಚಟ್ನಿ ಅರೆಯುವ ಆಸೆ ಬಿಟ್ಟು ಶೇಂಗಾಪುಡಿಯಲ್ಲೇ ಮುಗಿಸಿದೆವು. ಮುಂಬೈಯಿಂದ ರೈಲು ಬೆಳಿಗ್ಗೆ ಮುಟ್ಟಿಸುತ್ತದೆ, ಇವರು ಬೀಗದ ಕೈ ಕೊಡುವುದು ಮಧ್ಯಾಹ್ನ ಎರಡಕ್ಕೆ. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಇದನ್ನು ಮೊದಲೇ ಮಾತಾಡಿಕೊಳ್ಳಬೇಕು. ಡಿಪಾಜಿಟ್ ಎಷ್ಟು, ಎಂದು ವಾಪಸು, ಊಟಕ್ಕೆ ನೆಂಟರು ಬರಬಹುದೇ, ಇವನ್ನು ಕೂಡ ಕೇಳಿ ಬರೆಸಿಕೊಳ್ಳಿ. ನೆಂಟರನ್ನು ಒಳಗೆ ಬಿಡದ ಮನೆ ನಮ್ಮಂಥವರಿಗೆ ಯಾತಕ್ಕೆ ಬೇಕು?

ಮೂರನೆಯದೇ ನನಗೆ ಕಠಿಣವಾದದ್ದು. ವೈನಿಯ ಕೆಲಸ ತಪ್ಪಿಸಿದೆವು, ಸರಿ. ಆದರೆ ಆ ಕೆಲಸ ಎಲ್ಲಿ ಹೋಯಿತು? ಅದು ಇನ್ನೊಬ್ಬ ಹೆಂಗಸಿನ ಕೈಗೆ ಹೋಯಿತು. ನಮ್ಮ ಕೋಣೆ ಗುಡಿಸಲು ಬರುತ್ತಿದ್ದಾಕೆ ಲಿಂಗಸೂರು ಕಡೆಯವಳು. ಅವ್ವ ‘ಯಾವೂರವ್ವಾ ನಿಂದು?’ ಎಂದು ಕೇಳಿದ್ದೇ ತಡ, ಇಬ್ಬರೂ ಅರ್ಧ ಗಂಟೆ ನಿಂತೇ ಮಾತಾಡಿದರು. ಹಬ್ಬಕ್ಕೆ ಊರಿಗೆ ಹೋಗಲಿಲ್ಲವೇ ಎಂದರೆ, ‘ನಿಮ್ಮಂಥಾರು ಬರೋದು ಹಬ್ಬಕ್ಕ ರೀ, ನಮಗ ಆಗ ಸೂಟಿ ಹೆಂಗ ಸಿಗತೈತಿ?’ ಅಂದಳು. ಈ ಮಾತಿಗೆ ನನ್ನ ಹತ್ತಿರ ಪೂರ್ಣ ಉತ್ತರವಿಲ್ಲ. ಇಷ್ಟು ಮಾತ್ರ ಹೇಳಬಲ್ಲೆ: ಆಕೆಯ ದುಡಿಮೆಗೆ ಒಂದು ಸಂಬಳವೆಂಬುದು ಇದೆ. ಕಡಿಮೆ ಎಂದು ಜಗಳ ಆಡಲಾದರೂ ಒಂದು ಸಂಖ್ಯೆ ಇದೆ. ವೈನಿಯ ಎಪ್ಪತ್ತೆರಡು ರೊಟ್ಟಿಗೆ ಆ ಸಂಖ್ಯೆಯೂ ಇಲ್ಲ. ಲೆಕ್ಕಕ್ಕೆ ಬಂದ ಅನ್ಯಾಯವನ್ನು ತಿದ್ದಬಹುದು. ಲೆಕ್ಕಕ್ಕೇ ಬಾರದ್ದನ್ನು ತಿದ್ದುವುದು ಹೇಗೆ? ಹಾಗೆಂದು ದುಡ್ಡು ಕೊಟ್ಟಿದ್ದೇವೆಂದು ಎಂಜಲು ತಟ್ಟೆ ಹಾಗೇ ಬಿಟ್ಟು ಹೊರಡುವುದು ಸಭ್ಯತೆಯಲ್ಲ. ನಾವು ಪಾತ್ರೆ ನಾವೇ ತೊಳೆದಿಟ್ಟು ಬಂದೆವು.

ಈಗ ಎದುರುಪಕ್ಷದವರ ಕೊನೆಯ ಬಾಣ. ‘ದುಡ್ಡಿದ್ದವರು ಅಪಾರ್ಟ್‌ಮೆಂಟ್ ಹಿಡಿಯಲಿ, ಇಲ್ಲದವರು ಏನು ಮಾಡಬೇಕು?’ ನ್ಯಾಯವಾದ ಪ್ರಶ್ನೆ. 18,900 ರೂಪಾಯಿ ನಮ್ಮ ಮನೆಗೂ ಸಣ್ಣ ಮೊತ್ತವಲ್ಲ. ಮಾಮಾ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಊರಿನಿಂದ ದವಾಖಾನೆಗೆ ಬಂದವರನ್ನು, ಇಂಟರ್‌ವ್ಯೂಗೆ ಬಂದ ಹುಡುಗನನ್ನು ‘ಅಪಾರ್ಟ್‌ಮೆಂಟ್ ಹಿಡಿ ಹೋಗು’ ಎನ್ನುವಷ್ಟು ಕಲ್ಲೆದೆ ನನಗಿಲ್ಲ. ಡೊಂಬಿವಲಿಯ ನಮ್ಮ ಬಾಗಿಲು ಅವರಿಗೆ ತೆರೆದೇ ಇರಲಿ. ಕಷ್ಟಕ್ಕೆ ಬಂದವರು ಬೇರೆ, ಮೋಜಿಗೆ ಬಂದವರು ಬೇರೆ. ನಾನು ಹೇಳುತ್ತಿರುವುದು ಮೋಜಿಗೆ ಹೋಗುವ ನಮ್ಮ ವಿಷಯ. ನಾಲ್ಕು ದಿನದ ಮೋಜಿಗೆ ರೈಲಿನ ಟಿಕೆಟಿಗೆ ದುಡ್ಡು ಇದೆ, ಹೊಸ ಚಪ್ಪಲಿಗೆ ದುಡ್ಡು ಇದೆ, ಸಿನಿಮಾಕ್ಕೆ ದುಡ್ಡು ಇದೆ. ಇಳಿಯುವುದಕ್ಕೆ ಮಾತ್ರ ದುಡ್ಡು ಇಲ್ಲ. ಅದನ್ನು ವೈನಿಯ ಬೆನ್ನಿನ ಮೇಲೆ ಹಾಕೋಣ ಎಂಬುದು ಯಾವ ನ್ಯಾಯ? ಅಷ್ಟು ದುಡ್ಡಿಲ್ಲದಿದ್ದರೆ ಮೂರು ರಾತ್ರಿಯ ಬದಲು ಒಂದು ರಾತ್ರಿ ಇರಿ. ಇಲ್ಲವೇ ನೆಂಟರ ಮನೆಯಲ್ಲೇ ಇಳಿಯಿರಿ, ಆದರೆ ರೊಟ್ಟಿ ಬಡಿಯಲು ನೀವೂ ಕೂಡಿರಿ. ಕಾಮರ್ಸ್ ಓದುವ ಗಂಡುಹುಡುಗರಿಗೆ ರೊಟ್ಟಿ ಬಡಿಯಬಾರದೆಂದು ಯಾವ ಯೂನಿವರ್ಸಿಟಿಯ ಕಾನೂನೂ ಇಲ್ಲ.

ನೆಂಟಸ್ತಿಕೆ ಬೇಡ ಎಂದು ನಾನು ವಾದಿಸುತ್ತಿಲ್ಲ. ನೆಂಟಸ್ತಿಕೆಯ ಖರ್ಚನ್ನು ಯಾವಾಗಲೂ ಮನೆಯ ಹೆಂಗಸರ ಹೆಸರಿಗೇ ಬರೆಯುವುದು ಬೇಡ ಎನ್ನುತ್ತಿದ್ದೇನೆ, ಇಷ್ಟೇ. ನೆಂಟರ ಮನೆಗೆ ಹೋಗಿ, ಹಣ್ಣು ಹೂವು ಕೊಟ್ಟು, ಒಂದು ಹೊತ್ತು ಕೂತು ಬನ್ನಿ. ಅವರನ್ನೂ ನಿಮ್ಮ ಮೂರು ದಿನದ ಮನೆಗೆ ಕರೆಯಿರಿ. ಅವರು ಉಣ್ಣಲಿ, ನೀವು ಬಡಿಸಿ. ನೆಂಟ ಎಂದರೆ ಬಂದು ಉಂಡು ಹೋಗುವವನು ಎಂಬ ಅರ್ಥ ಹೋಗಿ, ಕರೆದು ಉಣಿಸುವವನೂ ನೆಂಟನೇ ಎಂಬ ಅರ್ಥ ಬರಲಿ.

ಬೇಸಿಗೆ ರಜೆ ಬರುತ್ತಿದೆ. ಸಂಘದ ಅನೇಕ ಗೆಳೆಯರು ಊರ ಕಡೆ, ಬೆಂಗಳೂರು ಮೈಸೂರು ಕಡೆ ಹೊರಡುತ್ತೀರಿ. ಎಲ್ಲಿ ಇಳಿಯುವುದೆಂದು ಮನೆಯಲ್ಲಿ ಮಾತು ಬಂದಾಗ ‘ಅಲ್ಲಿ ನಮ್ಮವರಿದ್ದಾರಲ್ಲ, ಪುಕ್ಕಟೆ’ ಎಂದು ಯಾರಾದರೂ ಅಂದರೆ, ‘ಯಾರಿಗೆ ಪುಕ್ಕಟೆ?’ ಎಂದು ಒಂದೇ ಒಂದು ಪ್ರಶ್ನೆ ಕೇಳಿ. ಉತ್ತರ ಏನೇ ಬರಲಿ, ಅಡಿಗೆಮನೆಯಲ್ಲಿರುವವರು ಕಿವಿ ಕೊಟ್ಟು ಕೇಳುತ್ತಿರುತ್ತಾರೆ. ನನ್ನ ಮಾತು ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ. ಬರೆಯುವ ಮೊದಲು ತಮ್ಮ ತಮ್ಮ ಅವ್ವಂದಿರನ್ನು ಒಂದು ಮಾತು ಕೇಳಿಕೊಂಡು ಬರೆಯಲಿ ಎಂದು ವಿನಂತಿ.